ಫಿಸಿಕ್ಸ್ ಓದುವ ಆಸೆಗೆ ಒಂದು ದಾರಿ, ಒಂದು ಗಡುವು

ಪಿಯುಸಿ ಸೈನ್ಸ್‌ನಲ್ಲಿ ಒಳ್ಳೆಯ ಅಂಕ ಬಂದರೆ ನಮ್ಮ ಕಡೆ ಕೇಳುವುದು ಎರಡೇ ಪ್ರಶ್ನೆ. ನೀಟ್ ಏನಾಯ್ತು? ಸಿಇಟಿ ರ‍್ಯಾಂಕ್ ಎಷ್ಟು ಬಂತು? ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ, ಯಾವ ತಾಲ್ಲೂಕಿಗೆ ಹೋದರೂ ಇದೇ. ಅಂಕ ಕಡಿಮೆಯಾದವರು ಬಿಎಸ್ಸಿ ಸೇರುತ್ತಾರೆ ಎಂಬ ನಂಬಿಕೆ ಎಷ್ಟು ಗಟ್ಟಿಯಾಗಿದೆಯೆಂದರೆ, ಚೆನ್ನಾಗಿ ಓದುವ ಹುಡುಗ ಅಥವಾ ಹುಡುಗಿ ‘ನಾನು ಫಿಸಿಕ್ಸ್ ಓದುತ್ತೇನೆ’ ಎಂದರೆ ಮನೆಯವರಿಗೆ ನೆಂಟರಿಷ್ಟರ ಮುಂದೆ ಏನು ಹೇಳುವುದೆಂಬ ಚಿಂತೆ ಶುರುವಾಗುತ್ತದೆ.

ನನ್ನೂರು ದಾಂಡೇಲಿ. ಹಳಿಯಾಳದಲ್ಲಿ ಎಲೆಕ್ಟ್ರಾನಿಕ್ಸ್ ವಿಭಾಗದಲ್ಲಿ ಬಿಇ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಮುಂದೆ ಸೈದ್ಧಾಂತಿಕ ಭೌತವಿಜ್ಞಾನ, ಅಂದರೆ ಥಿಯರೆಟಿಕಲ್ ಫಿಸಿಕ್ಸ್‌ನಲ್ಲಿ ಸಂಶೋಧನೆ ಮಾಡಬೇಕೆಂಬುದು ನನ್ನ ಆಸೆ. ಇದನ್ನು ಬಾಯಿಬಿಟ್ಟು ಹೇಳಿದಾಗಲೆಲ್ಲ ನನಗೆ ಎರಡು ಬಗೆಯ ಸಲಹೆ ಸಿಕ್ಕಿದೆ. ಒಂದು, ‘ಸುಮ್ಮನೆ ಬಿಇ ಮುಗಿಸಿ ಕೆಲಸ ಹಿಡಿ, ಈ ಹುಚ್ಚೆಲ್ಲ ಬೇಡ.’ ಇನ್ನೊಂದು, ‘ಅಷ್ಟು ಆಸೆಯಿದ್ದರೆ ಬಿಇ ಬಿಟ್ಟುಬಿಡು, ಮನಸ್ಸಿಗೆ ಬಂದದ್ದನ್ನೇ ಓದು.’ ಎರಡನ್ನೂ ಹೇಳುವವರು ನನ್ನ ಹಿತೈಷಿಗಳೇ. ಆದರೆ ಎರಡೂ ಸಲಹೆ ಸರಿಯಿಲ್ಲ ಎಂಬುದು ನನ್ನ ವಾದ. ಮೊದಲನೆಯದು ಬಾಗಿಲು ಮುಚ್ಚಿದೆ ಎಂದುಕೊಳ್ಳುತ್ತದೆ, ಎರಡನೆಯದು ಬಾಗಿಲು ಹಾರುಹೊಡೆದಿದೆ ಎಂದುಕೊಳ್ಳುತ್ತದೆ. ನಿಜವಾಗಿ ಅಲ್ಲಿ ಹಲವು ಬಾಗಿಲುಗಳಿವೆ, ಪ್ರತಿಯೊಂದಕ್ಕೂ ಒಂದು ಪರೀಕ್ಷೆಯಿದೆ, ಒಂದು ತಾರೀಖಿದೆ. ನಮ್ಮಂಥ ಊರುಗಳಲ್ಲಿ ಆ ಮಾಹಿತಿ ಮಾತ್ರ ಯಾರ ಕೈಗೂ ಸಮಯಕ್ಕೆ ಸಿಗುವುದಿಲ್ಲ.

ಏನಿದು ಸೈದ್ಧಾಂತಿಕ ಭೌತವಿಜ್ಞಾನ?

ನಮ್ಮ ಕಾಳಿ ನದಿಯಿಂದಲೇ ಶುರು ಮಾಡೋಣ. ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ಬಳಿ ಸೂಪಾ ಅಣೆಕಟ್ಟೆಯಿದೆ. ಅಲ್ಲಿಂದ ಬಿಟ್ಟ ನೀರು ಮುಂದೆ ನಾಗಝರಿಯ ವಿದ್ಯುದಾಗಾರದಲ್ಲೂ ಟರ್ಬೈನ್ ತಿರುಗಿಸುತ್ತದೆ. ಇಷ್ಟು ಎತ್ತರದಿಂದ ಇಷ್ಟು ನೀರು ಬಿದ್ದರೆ ಎಷ್ಟು ವಿದ್ಯುತ್ ಸಿಗುತ್ತದೆ, ನಷ್ಟ ಕಡಿಮೆ ಮಾಡುವುದು ಹೇಗೆ ಎಂದು ಕೇಳುವವರು ಎಂಜಿನಿಯರ್. ಆಯಸ್ಕಾಂತ ತಿರುಗಿದರೆ ತಂತಿಯಲ್ಲಿ ವಿದ್ಯುತ್ ಹರಿಯುವುದಾದರೂ ಏಕೆ, ಆ ನಿಯಮದಿಂದ ಇನ್ನೂ ಏನೇನು ಹೊರಡುತ್ತದೆ ಎಂದು ಕೇಳುವವರು ಸೈದ್ಧಾಂತಿಕ ಭೌತವಿಜ್ಞಾನಿ.

ಮೈಕೆಲ್ ಫ್ಯಾರಡೆ 1831ರಲ್ಲಿ ಪ್ರಯೋಗ ಮಾಡಿ ಈ ವಿದ್ಯಮಾನ ತೋರಿಸಿದರು. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಅದನ್ನು ಸಮೀಕರಣಗಳಲ್ಲಿ ಹಿಡಿದಿಟ್ಟು, ವಿದ್ಯುತ್ ಮತ್ತು ಕಾಂತಕ್ಷೇತ್ರ ಎರಡೂ ಸೇರಿ ಅಲೆಯಾಗಿ ಸಾಗಬಲ್ಲವು, ಆ ಅಲೆಯ ವೇಗ ಬೆಳಕಿನ ವೇಗಕ್ಕೆ ಸಮ ಎಂದು ಲೆಕ್ಕ ಹಾಕಿದರು. ಅವರ ಪ್ರಬಂಧ ಪ್ರಕಟವಾದದ್ದು 1865ರಲ್ಲಿ. ಹರ್ಟ್ಸ್ ಅಂಥ ಅಲೆಗಳನ್ನು ಪ್ರಯೋಗಾಲಯದಲ್ಲಿ ಹುಟ್ಟಿಸಿ ತೋರಿಸಿದ್ದು 1887-88ರಲ್ಲಿ. ಇಂದು ನಮ್ಮ ಮೊಬೈಲ್ ಕೆಲಸ ಮಾಡುವುದು ಅದೇ ಅಲೆಗಳಿಂದ. ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಪರೀಕ್ಷೆಗೆಂದು ಬಾಯಿಪಾಠ ಮಾಡುವ ಆ ನಾಲ್ಕು ಸಮೀಕರಣಗಳು ಹುಟ್ಟಿದ್ದು ಹೀಗೆ. ಕಾಗದ, ಪೆನ್ನು, ಗಣಿತ ಹಿಡಿದು ಪ್ರಕೃತಿಯ ಬಗ್ಗೆ ಮುಂಚಿತವಾಗಿ ಹೇಳುವುದೇ ಈ ವಿಷಯದ ಕೆಲಸ. ಹೇಳಿದ್ದು ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಪ್ರಯೋಗ.

ಎಂಜಿನಿಯರಿಂಗ್ ಓದಿದ ಇಬ್ಬರು

‘ಬಿಇ ಮಾಡಿದವರಿಗೆ ಫಿಸಿಕ್ಸ್‌ನಲ್ಲಿ ಜಾಗವಿಲ್ಲ’ ಎನ್ನುವವರಿಗೆ ನಾನು ಪಾಲ್ ಡಿರಾಕ್ ಹೆಸರು ಹೇಳುತ್ತೇನೆ. ಇಂಗ್ಲೆಂಡಿನ ಬ್ರಿಸ್ಟಲ್‌ನವರು. 1921ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪದವಿ ಮುಗಿಸಿದಾಗ ಮೊದಲ ಮಹಾಯುದ್ಧದ ನಂತರದ ಮುಗ್ಗಟ್ಟಿನಲ್ಲಿ ಅವರಿಗೆ ಕೆಲಸ ಸಿಗಲಿಲ್ಲ. ಕೇಂಬ್ರಿಡ್ಜ್‌ನಲ್ಲಿ ವಿದ್ಯಾರ್ಥಿವೇತನ ಸಿಕ್ಕಿತು, ಆದರೆ ಅಲ್ಲಿದ್ದು ಓದಲು ಆ ಹಣ ಸಾಲಲಿಲ್ಲ. ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಶುಲ್ಕವಿಲ್ಲದೆ ಗಣಿತ ಓದಲು ಅವಕಾಶ ಕೊಟ್ಟರು. ಡಿರಾಕ್ ಮನೆಯಲ್ಲೇ ಉಳಿದು ಎರಡು ವರ್ಷದಲ್ಲಿ ಗಣಿತದ ಪದವಿ ಪಡೆದು, ನಂತರ ಕೇಂಬ್ರಿಡ್ಜ್‌ಗೆ ಹೋದರು. 1928ರಲ್ಲಿ ಎಲೆಕ್ಟ್ರಾನ್‌ಗೆ ಸಂಬಂಧಿಸಿದ ಅವರ ಹೆಸರಿನ ಸಮೀಕರಣ ಬಂತು. 1933ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಿಖರವಲ್ಲದ, ಅಂದಾಜಿನ ಲೆಕ್ಕಕ್ಕೂ ಬೆಲೆಯಿದೆ ಎಂಬುದನ್ನು ಎಂಜಿನಿಯರಿಂಗ್ ತನಗೆ ಕಲಿಸಿತು ಎಂದು ಅವರು ಮುಂದೆ ನೆನೆದಿದ್ದಾರೆ. ಸಿಗ್ನಲ್ಸ್ ಅಂಡ್ ಸಿಸ್ಟಮ್ಸ್ ವಿಷಯದಲ್ಲಿ ನಾವು ಓದುವ ಇಂಪಲ್ಸ್ ಫಂಕ್ಷನ್ ಇದೆಯಲ್ಲ, ಅದಕ್ಕೆ ಫಿಸಿಕ್ಸ್‌ನಲ್ಲಿ ಡಿರಾಕ್ ಡೆಲ್ಟಾ ಎಂದೇ ಹೆಸರು.

ಎರಡನೆಯವರು ಹೋಮಿ ಭಾಭಾ. 1927ರಲ್ಲಿ ಅವರನ್ನು ಕೇಂಬ್ರಿಡ್ಜ್‌ಗೆ ಕಳಿಸಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿಸಲು. ಓದಿ ಬಂದು ಜಮ್‌ಶೆಡ್‌ಪುರದ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಮನೆಯವರ ಇಚ್ಛೆ. ಮಗನ ಮನಸ್ಸು ಫಿಸಿಕ್ಸ್ ಕಡೆಗಿತ್ತು. ಕೊನೆಗೆ ತಂದೆ ಒಂದು ಷರತ್ತು ಹಾಕಿದರು. ಎಂಜಿನಿಯರಿಂಗ್‌ನಲ್ಲಿ ಮೊದಲ ದರ್ಜೆ ತಂದರೆ ಗಣಿತ ಓದಲು ಹಣ ಕೊಡುತ್ತೇನೆ ಎಂದರು. ಭಾಭಾ 1930ರಲ್ಲಿ ಮೊದಲ ದರ್ಜೆ ತಂದರು, ತಂದೆ ಮಾತು ಉಳಿಸಿಕೊಂಡರು. ಯುದ್ಧ ಶುರುವಾದಾಗ ರಜೆಗೆಂದು ಭಾರತಕ್ಕೆ ಬಂದಿದ್ದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಉಳಿದು ಕೆಲಸ ಮಾಡಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಟಿಐಎಫ್‌ಆರ್, 1945ರಲ್ಲಿ ಆರಂಭವಾದದ್ದು ಬೆಂಗಳೂರಿನಲ್ಲಿಯೇ. ಮುಂಬೈಗೆ ಹೋದದ್ದು ಆಮೇಲೆ.

ಈ ಇಬ್ಬರೂ ಪ್ರತಿಭಾವಂತರು, ಅವರಂತೆ ನಾವಾಗುತ್ತೇವೆ ಎಂದು ನಾನು ಹೇಳುತ್ತಿಲ್ಲ. ಆದರೆ ಇಬ್ಬರೂ ಎಂಜಿನಿಯರಿಂಗ್ ಅರ್ಧಕ್ಕೆ ಬಿಡಲಿಲ್ಲ. ಮುಗಿಸಿದರು, ಆಮೇಲೆ ಗಣಿತವನ್ನು ಶಿಸ್ತಾಗಿ ಓದಿದರು. ಇದನ್ನು ಮಾತ್ರ ನಾವು ಗಮನಿಸಬೇಕು.

ಮೂರನೆಯ ದಾರಿ ನಮ್ಮ ರಾಜ್ಯದವರದೇ. ಸಿ. ವಿ. ವಿಶ್ವೇಶ್ವರ ಬೆಂಗಳೂರಿನಲ್ಲಿ 1938ರಲ್ಲಿ ಹುಟ್ಟಿದವರು. ಅವರು ಓದಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಬಿಎಸ್ಸಿ ಆನರ್ಸ್ ಮತ್ತು ಎಂಎಸ್ಸಿ. ನಂತರ ಅಮೆರಿಕಕ್ಕೆ ಹೋಗಿ ಮೇರಿಲ್ಯಾಂಡ್‌ನಲ್ಲಿ ಪಿಎಚ್‌ಡಿ ಮಾಡಿದರು. ಕಪ್ಪುಕುಳಿಯನ್ನು ಅಲುಗಿಸಿದರೆ ಅದು ಬಾರಿಸಿದ ಗಂಟೆಯಂತೆ ತನ್ನದೇ ಕಂಪನದಲ್ಲಿ ಮಿಡಿದು ಸುಮ್ಮನಾಗುತ್ತದೆ ಎಂದು 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಆಗ ಕಪ್ಪುಕುಳಿ ಇದೆಯೋ ಇಲ್ಲವೋ ಎಂಬುದೇ ಖಚಿತವಿರಲಿಲ್ಲ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಉಪಕರಣಗಳು ಎರಡು ಕಪ್ಪುಕುಳಿಗಳು ಡಿಕ್ಕಿಯಾದ ಗುರುತ್ವದ ಅಲೆಯನ್ನು ಹಿಡಿದವು. ಅದರ ಕೊನೆಯಲ್ಲಿ ಅಂಥ ಮಿಡಿತವೇ ಇತ್ತು. 45 ವರ್ಷ ಕಾದ ಲೆಕ್ಕ ಅದು. ಅದನ್ನು ನೋಡಲು ವಿಶ್ವೇಶ್ವರ ಬದುಕಿದ್ದರು, 2017ರ ಜನವರಿಯಲ್ಲಿ ತೀರಿಕೊಂಡರು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. ಬಿಎಸ್ಸಿ ಎಂದರೆ ಅಂಕ ಬರದವರ ಕೋರ್ಸು ಎನ್ನುವವರಿಗೆ ಇವರ ಹೆಸರು ಹೇಳಬೇಕು.

ಪಿಯುಸಿಯಲ್ಲಿರುವ ತಮ್ಮ ತಂಗಿಯರಿಗೆ

ನೀವಿನ್ನೂ ಪಿಯುಸಿಯಲ್ಲಿದ್ದರೆ ನಿಮಗೆ ನೇರ ದಾರಿಗಳಿವೆ. ಪುಣೆ, ತಿರುಪತಿ ಸೇರಿ ಏಳು ಕಡೆ ಐಸರ್ ಸಂಸ್ಥೆಗಳಿವೆ. ಅಲ್ಲಿ ಐದು ವರ್ಷದ ಬಿಎಸ್-ಎಂಎಸ್ ಇದೆ, ಪ್ರವೇಶಕ್ಕೆ ಐಎಟಿ ಎಂಬ ಪರೀಕ್ಷೆ ಬರೆಯಬೇಕು. ಭುವನೇಶ್ವರದ ನೈಸರ್ ಮತ್ತು ಮುಂಬೈನ ಸಿಬಿಎಸ್ ಕೇಂದ್ರಕ್ಕೆ ನೆಸ್ಟ್ ಪರೀಕ್ಷೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2011ರಿಂದ ನಾಲ್ಕು ವರ್ಷದ ಸಂಶೋಧನಾ ಪದವಿಯಿದೆ. ಐಎಟಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಜೊತೆ ಜೀವಶಾಸ್ತ್ರದ ಪ್ರಶ್ನೆಗಳೂ ಇರುತ್ತವೆ. ಇದು ಗೊತ್ತಾಗುವುದೇ ಎಷ್ಟೋ ಜನರಿಗೆ ಪರೀಕ್ಷೆಯ ಹಿಂದಿನ ವಾರ.

ಇವು ಸಿಗದಿದ್ದರೆ ದಾರಿ ಮುಗಿಯಲಿಲ್ಲ. ನಮ್ಮ ದಾಂಡೇಲಿಯ ಬಂಗೂರನಗರ ಕಾಲೇಜಿನಲ್ಲಾಗಲಿ, ಶಿರಸಿ, ಕಾರವಾರ, ಧಾರವಾಡಗಳಲ್ಲಾಗಲಿ ಬಿಎಸ್ಸಿ ಮಾಡಿ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಮಾಡಿ ಸಂಶೋಧನೆಗೆ ಹೋಗಬಹುದು. ಬಿಎಸ್ಸಿ ನಂತರ ಜಾಮ್ ಪರೀಕ್ಷೆ ಬರೆದು ಐಐಟಿಗಳಲ್ಲಿ ಎಂಎಸ್ಸಿ ಓದಬಹುದು. ಮೂಲವಿಜ್ಞಾನ ಓದುವವರಿಗೆ ಕೇಂದ್ರ ಸರ್ಕಾರದ ಇನ್‌ಸ್ಪೈರ್ ವಿದ್ಯಾರ್ಥಿವೇತನವಿದೆ, ವರ್ಷಕ್ಕೆ 80,000 ರೂಪಾಯಿ. ಹನ್ನೆರಡನೆಯ ತರಗತಿಯಲ್ಲಿ ತಮ್ಮ ಬೋರ್ಡಿನ ಮೊದಲ ಶೇ 1ರಷ್ಟು ವಿದ್ಯಾರ್ಥಿಗಳಲ್ಲಿ ಬಂದವರು ಅರ್ಜಿ ಹಾಕಬಹುದು. ಒಳ್ಳೆಯ ಅಂಕ ಬಂದವರು ಬಿಎಸ್ಸಿ ಬೇಡ ಎನ್ನುವ ಊರಿನಲ್ಲಿ, ಒಳ್ಳೆಯ ಅಂಕ ಬಂದವರಿಗಾಗಿಯೇ ಇರುವ ಈ ಹಣದ ಸುದ್ದಿ ಮುಟ್ಟುವುದೇ ಇಲ್ಲ.

ಹುಡುಗಿಯರಿಗೆ ಒಂದು ಮಾತು. ‘ಹೆಣ್ಣುಮಕ್ಕಳಿಗೆ ಬಿಎಸ್ಸಿ, ಬಿಎಡ್ ಸಾಕು’ ಎಂದು ಹೇಳುವವರು ಇನ್ನೂ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಣ ಭೌತವಿಜ್ಞಾನದ ಸಿದ್ಧಾಂತಿಯಾಗಿದ್ದ ರೋಹಿಣಿ ಗೋಡಬೋಲೆ ಅವರೂ ಪುಣೆಯ ಕಾಲೇಜೊಂದರಲ್ಲಿ ಬಿಎಸ್ಸಿಯಿಂದಲೇ ಶುರು ಮಾಡಿದವರು. ಬಿಎಸ್ಸಿ ಎಂದರೆ ಅಲ್ಲಿಗೆ ಓದು ಮುಗಿಯಿತು ಎಂದು ಯಾರೂ ನಿಮ್ಮನ್ನು ನಂಬಿಸದಿರಲಿ.

ಬಿಇಯಲ್ಲಿರುವ ನಮ್ಮಂಥವರಿಗೆ

ನಾನು ಬಿಇ ಸೇರಿದ್ದು ಲೆಕ್ಕ ಹಾಕಿಯೇ. ಸರ್ಕಾರಿ ಕೋಟಾದ ಸೀಟು, ಮನೆಯಿಂದ ಬಸ್ಸಿನಲ್ಲಿ ಓಡಾಡುವಷ್ಟು ಹತ್ತಿರದ ಕಾಲೇಜು, ಮುಗಿದ ಮೇಲೆ ಕೆಲಸದ ಭರವಸೆ. ಆ ಆಯ್ಕೆಯ ಬಗ್ಗೆ ನನಗೆ ಬೇಸರವಿಲ್ಲ. ಆದರೆ ಬಿಇಯಲ್ಲಿ ಫಿಸಿಕ್ಸ್ ಮೊದಲ ವರ್ಷಕ್ಕೇ ಮುಗಿದುಹೋಗುತ್ತದೆ. ಗಣಿತ ಇನ್ನೂ ಸ್ವಲ್ಪ ದಿನ ಜೊತೆಗಿರುತ್ತದೆ. ಕ್ಲಾಸಿಕಲ್ ಮೆಕ್ಯಾನಿಕ್ಸ್, ಕ್ವಾಂಟಮ್ ಮೆಕ್ಯಾನಿಕ್ಸ್, ಸ್ಟ್ಯಾಟಿಸ್ಟಿಕಲ್ ಮೆಕ್ಯಾನಿಕ್ಸ್, ಗಣಿತೀಯ ಭೌತವಿಜ್ಞಾನ, ಈ ನಾಲ್ಕನ್ನು ನಾವೇ ಓದಿಕೊಳ್ಳಬೇಕು.

ಓದಲು ಸಾಮಗ್ರಿಗೆ ಕೊರತೆಯಿಲ್ಲ. ಐಐಟಿ ಮದ್ರಾಸಿನ ಪ್ರೊ. ವಿ. ಬಾಲಕೃಷ್ಣನ್ ಅವರ ಪಾಠಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿವೆ. ಫೈನ್‌ಮನ್ ಅವರ ಉಪನ್ಯಾಸಗಳ ಮೂರೂ ಸಂಪುಟಗಳನ್ನು ಕ್ಯಾಲ್ಟೆಕ್ ಸಂಸ್ಥೆ ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಇಟ್ಟಿದೆ. ಗ್ರಿಫಿತ್ಸ್ ಅವರ ಎಲೆಕ್ಟ್ರೋಡೈನಮಿಕ್ಸ್ ಮತ್ತು ಕ್ವಾಂಟಮ್ ಮೆಕ್ಯಾನಿಕ್ಸ್ ಪುಸ್ತಕಗಳ ಭಾರತೀಯ ಮುದ್ರಣ ಸಿಗುತ್ತದೆ. ಜೋಯಿಡಾದ ಹಳ್ಳಿಗಳಲ್ಲಿ ಸಿಗ್ನಲ್‌ಗಾಗಿ ಗುಡ್ಡ ಹತ್ತುವ ಗೆಳೆಯರಿದ್ದಾರೆ. ಅವರು ಹಳಿಯಾಳಕ್ಕೆ ಬಂದಾಗ ಪಾಠಗಳನ್ನು ಡೌನ್‌ಲೋಡ್ ಮಾಡಿಕೊಂಡು ಹೋಗಿ ರಾತ್ರಿ ನೋಡುತ್ತಾರೆ.

ಇನ್ನು ಪರೀಕ್ಷೆಗಳು. ಬಿಇ ಓದಿದವರೂ ಗೇಟ್‌ನಲ್ಲಿ ಫಿಸಿಕ್ಸ್ ಪತ್ರಿಕೆ ಆರಿಸಿಕೊಳ್ಳಬಹುದು. 2021ರಿಂದ ಮೂರನೇ ವರ್ಷದವರಿಗೂ ಗೇಟ್ ಬರೆಯಲು ಅವಕಾಶವಿದೆ, ಸ್ಕೋರ್ ಮೂರು ವರ್ಷ ಊರ್ಜಿತ. ಅದರ ಫಿಸಿಕ್ಸ್ ಪಠ್ಯದಲ್ಲಿ ಎಲೆಕ್ಟ್ರಾನಿಕ್ಸ್ ಕೂಡ ಇದೆ, ವಿದ್ಯುತ್ಕಾಂತ ಸಿದ್ಧಾಂತವೂ ಇದೆ. ಅಷ್ಟು ಭಾಗ ನಮಗೆ ಆಗಲೇ ಪರಿಚಿತ. ಜೆಸ್ಟ್ ಎಂಬ ಇನ್ನೊಂದು ಪರೀಕ್ಷೆಯಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ, ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆ ಮುಂತಾದವು ಪಿಎಚ್‌ಡಿ ಸಂದರ್ಶನಕ್ಕೆ ಕರೆಯುವುದು ಇದರ ಮೇಲೆ. ಟಿಐಎಫ್‌ಆರ್ ತನ್ನದೇ ಪರೀಕ್ಷೆ ನಡೆಸುತ್ತದೆ, ಫಿಸಿಕ್ಸ್‌ಗೆ ಬಿಇ ಪದವೀಧರರನ್ನೂ ಪರಿಗಣಿಸುತ್ತಾ ಬಂದಿದೆ. ಅದರದೇ ಅಂಗವಾದ ಐಸಿಟಿಎಸ್ ಬೆಂಗಳೂರಿನ ಹೆಸರಘಟ್ಟದ ಬಳಿಯಿದೆ. ಅಲ್ಲಿ ನಡೆಯುವುದು ಮುಖ್ಯವಾಗಿ ಸೈದ್ಧಾಂತಿಕ ಸಂಶೋಧನೆಯೇ.

ಒಂದು ಎಚ್ಚರಿಕೆ. ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಎಂಎಸ್ಸಿ ಫಿಸಿಕ್ಸ್ ಸೇರಲು ಸಾಮಾನ್ಯವಾಗಿ ಬಿಎಸ್ಸಿಯಲ್ಲಿ ಫಿಸಿಕ್ಸ್ ಓದಿರಬೇಕು. ಪಿಯು ಉಪನ್ಯಾಸಕರ ಹುದ್ದೆಗೆ ಎಂಎಸ್ಸಿ ಬೇಕು. ಬಿಇ ಮುಗಿಸಿ ನೇರ ಪಿಎಚ್‌ಡಿಗೆ ಹೋದವರು ಮಧ್ಯದಲ್ಲಿ ಬಿಟ್ಟುಬಂದರೆ ಫಿಸಿಕ್ಸ್ ಪಾಠ ಹೇಳುವ ಕೆಲಸಕ್ಕೂ ಕಷ್ಟ. ಆದ್ದರಿಂದ ದಾರಿಯಲ್ಲಿ ಎಂಎಸ್ಸಿ ಪದವಿಯನ್ನೂ ಕೊಡುವ ಇಂಟಿಗ್ರೇಟೆಡ್ ಪಿಎಚ್‌ಡಿ ನಮ್ಮಂಥವರಿಗೆ ಹೆಚ್ಚು ಸುರಕ್ಷಿತ. ಕೆಲವು ಸಂಸ್ಥೆಗಳು ಅದಕ್ಕೆ ಬಿಇಯವರನ್ನು ತೆಗೆದುಕೊಳ್ಳುತ್ತವೆ, ಕೆಲವು ತೆಗೆದುಕೊಳ್ಳುವುದಿಲ್ಲ. ನಿಯಮಗಳು ಬದಲಾಗುತ್ತಿರುತ್ತವೆ. ಸೀನಿಯರ್ ಹೇಳಿದ್ದನ್ನು ನಂಬಿಕೊಂಡು ಕೂರದೆ ಆಯಾ ವರ್ಷದ ಪ್ರಕಟಣೆಯನ್ನು ನೀವೇ ಓದಿ.

ಮೊದಲು ಲೆಕ್ಕ ಬಿಡಿಸಿ

ಆಸೆ ನಿಜವೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಕಪ್ಪುಕುಳಿಯ ಬಗ್ಗೆ ಯೂಟ್ಯೂಬಿನಲ್ಲಿ ಒಂದು ತಾಸು ನೋಡುವುದು ಎಲ್ಲರಿಗೂ ಇಷ್ಟ. ಅದು ಫಿಸಿಕ್ಸ್ ಅಲ್ಲ, ಫಿಸಿಕ್ಸ್‌ನ ಕಥೆ. ಪುಸ್ತಕದ ಒಂದು ಅಧ್ಯಾಯ ಓದಿ, ಅದರ ಕೊನೆಯ ಲೆಕ್ಕಗಳಲ್ಲಿ ಕಠಿಣವಾದ ಒಂದನ್ನು ಆರಿಸಿ, ಉತ್ತರ ನೋಡದೆ ಮೂರು ಸಂಜೆ ಕುಳಿತುಕೊಳ್ಳಿ. ನಾಲ್ಕನೆಯ ಸಂಜೆಯೂ ಅದರ ಮುಂದೆ ಕೂರಬೇಕೆನ್ನಿಸಿದರೆ ಈ ದಾರಿಯ ಬಗ್ಗೆ ಯೋಚಿಸಬಹುದು. ಲೆಕ್ಕ ಬಂತೋ ಬಿಟ್ಟಿತೋ ಎಂಬುದು ಎರಡನೆಯ ಮಾತು. ಸಂಶೋಧನೆ ಎಂದರೆ ಉತ್ತರವೇ ಇಲ್ಲದ ಲೆಕ್ಕದ ಮುಂದೆ ತಿಂಗಳುಗಟ್ಟಲೆ ಕೂರುವುದು.

ಎರಡನೆಯ ಪರೀಕ್ಷೆ, ಸಂಶೋಧನೆ ಮಾಡುವವರ ಹತ್ತಿರ ಎರಡು ತಿಂಗಳು ಇದ್ದು ನೋಡುವುದು. ಭಾರತೀಯ ವಿಜ್ಞಾನ ಅಕಾಡೆಮಿ ಮತ್ತು ಇನ್ನೆರಡು ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ಅಲ್ಲಿ ಹೋಗಿ ನೋಡಿದ ಮೇಲೆ ‘ಇದು ನನಗಲ್ಲ’ ಎಂದು ತಿಳಿದರೂ ಅದು ಲಾಭವೇ. ಐದು ವರ್ಷ ಉಳಿಯಿತಲ್ಲ!

ಮುಂಡಗೋಡದಲ್ಲಿ ನಡೆದದ್ದು

ಈ ವಿಷಯಗಳೆಲ್ಲ ಬೆಂಗಳೂರು, ಮುಂಬೈಯವರಿಗೆ ಮಾತ್ರ ಎಂದು ನಮ್ಮವರೇ ಹೇಳುವುದುಂಟು. ಅವರಿಗೆ ನಮ್ಮ ಮುಂಡಗೋಡದ ಟಿಬೆಟಿಯನ್ ಕಾಲೊನಿಯನ್ನು ತೋರಿಸಬೇಕು. 2013ರ ಜನವರಿಯಲ್ಲಿ ಅಲ್ಲಿನ ಡ್ರೆಪುಂಗ್ ಮಠದಲ್ಲಿ ದಲೈ ಲಾಮಾ ಅವರ ಸಮ್ಮುಖದಲ್ಲಿ ವಿಜ್ಞಾನಿಗಳು ಮತ್ತು ಭಿಕ್ಷುಗಳ ನಡುವೆ ಹಲವು ದಿನಗಳ ಸಂವಾದ ನಡೆಯಿತು. ಕ್ವಾಂಟಮ್ ಭೌತವಿಜ್ಞಾನವೂ ಅಲ್ಲಿ ಚರ್ಚೆಯಾಯಿತು. ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ನೆರವಿನಿಂದ ಭಿಕ್ಷುಗಳಿಗೆ ಭೌತವಿಜ್ಞಾನ, ಜೀವವಿಜ್ಞಾನ, ನರವಿಜ್ಞಾನ ಕಲಿಸುವ ಯೋಜನೆ ರೂಪುಗೊಂಡಿದೆ, ಪಠ್ಯಗಳನ್ನು ಟಿಬೆಟಿಯನ್ ಭಾಷೆಗೆ ತಂದಿದ್ದಾರೆ.

ಊರು ಬಿಟ್ಟು ಬಂದ ಒಂದು ಸಮುದಾಯ, ಭತ್ತ, ಜೋಳ ಬೆಳೆಯುವ ನಮ್ಮ ಈ ಬಯಲಿನಲ್ಲಿ ಕುಳಿತು, ‘ಜಗತ್ತು ಯಾವುದರಿಂದ ಆಗಿದೆ’ ಎಂಬ ಪ್ರಶ್ನೆ ತಮಗೂ ಸಂಬಂಧಿಸಿದ್ದು ಎಂದು ತೀರ್ಮಾನಿಸಿ ಅದಕ್ಕೆ ಬೇಕಾದ ವ್ಯವಸ್ಥೆ ಮಾಡಿಕೊಂಡಿದೆ. ಅದೇ ತಾಲ್ಲೂಕಿನ ನಮ್ಮ ಪಿಯು ಕಾಲೇಜುಗಳ ಹುಡುಗರಿಗೆ ಜೆಸ್ಟ್ ಎಂಬ ಪರೀಕ್ಷೆಯ ಹೆಸರೂ ಗೊತ್ತಿಲ್ಲ. ಊರು ಸಣ್ಣದು ಎಂಬುದು ಇದಕ್ಕೆ ಕಾರಣವಾಗಲಾರದು.

ಪಗಾರದ ಪ್ರಶ್ನೆ

ಹೋದ ದೀಪಾವಳಿಯಲ್ಲಿ ನನ್ನ ಆಸೆಯನ್ನು ಮನೆಯಲ್ಲಿ ಹೇಳಿದೆ. ಅವ್ವ ಕೇಳಿದ್ದು, ‘ಬೆಂಗಳೂರಿಗೆ ಹೋಗಿ ಮತ್ತ ಐದಾರು ವರ್ಷ ಓದೂದಾ?’ ಅಪ್ಪ ಕೇಳಿದ್ದು, ‘ಅದನ್ನ ಓದಿದ್ರ ಪಗಾರ ಎಷ್ಟು? ಯಾವಾಗಿಂದ ಬರ್ತೈತಿ?’ ಈ ಪ್ರಶ್ನೆಯನ್ನು ಸಣ್ಣದೆಂದು ತಳ್ಳಿಹಾಕುವ ಲೇಖನಗಳನ್ನು ನಾನು ಓದಿದ್ದೇನೆ. ನನಗೆ ಹಾಗನ್ನಿಸುವುದಿಲ್ಲ. ಅಪ್ಪ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸಗಾರ. ತಂಗಿ ಪಿಯುಸಿಯಲ್ಲಿದ್ದಾಳೆ. ನನ್ನ ಓದಿಗೆ ಎರಡು ಲಕ್ಷ ಬ್ಯಾಂಕ್ ಸಾಲವಿದೆ, ಕೋರ್ಸ್ ಮುಗಿದು ಒಂದು ವರ್ಷಕ್ಕೆ ಕಂತು ಶುರುವಾಗುತ್ತದೆ. ಇಂಥ ಮನೆಯಲ್ಲಿ ಪಗಾರದ ಪ್ರಶ್ನೆಯೇ ಮೊದಲ ಪ್ರಶ್ನೆ.

ಅದಕ್ಕೆ ಉತ್ತರವೂ ಇದೆ. ವಿಜ್ಞಾನದ ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಕೇಂದ್ರದ ಜೆಆರ್‌ಎಫ್ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷದ ನಂತರ ಎಸ್‌ಆರ್‌ಎಫ್ ಆದರೆ 42,000. ಇಂಟಿಗ್ರೇಟೆಡ್ ಪಿಎಚ್‌ಡಿಯಾದರೆ ಎಂಎಸ್ಸಿ ಹಂತದ ಮೊದಲ ವರ್ಷಗಳಲ್ಲಿ ಇದಕ್ಕಿಂತ ಕಡಿಮೆ. ಎರಡು ಲಕ್ಷದ ಸಾಲಕ್ಕೆ ಐದು ವರ್ಷದ ಕಂತು ತಿಂಗಳಿಗೆ ನಾಲ್ಕು ಸಾವಿರದ ಆಸುಪಾಸು ಬೀಳುತ್ತದೆ. ಹಾಸ್ಟೆಲ್, ಊಟ ಕಳೆದು ಕಂತು ಕಟ್ಟಬಹುದು. ಮನೆಗೆ ದೊಡ್ಡ ಹಣ ಕಳಿಸಲಾಗದು, ಆದರೆ ಮನೆಯಿಂದ ಒಂದು ರೂಪಾಯಿಯನ್ನೂ ಕೇಳಬೇಕಿಲ್ಲ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅಪ್ಪನ ಮುಂದಿಟ್ಟೆ.

ಇನ್ನೊಂದು ಮಾತನ್ನೂ ಬರೆದೆ, ಮುಚ್ಚಿಡುವುದು ಸರಿಯಲ್ಲವೆಂದು. ಪಿಎಚ್‌ಡಿ ಮುಗಿದ ಕೂಡಲೇ ಕಾಯಂ ಕೆಲಸ ಸಿಗುವುದಿಲ್ಲ. ಪೋಸ್ಟ್‌ಡಾಕ್ ಎಂಬ ತಾತ್ಕಾಲಿಕ ಹುದ್ದೆಗಳಲ್ಲಿ ಕೆಲವು ವರ್ಷ ಊರೂರು, ದೇಶದೇಶ ತಿರುಗಬೇಕು. ಸೈದ್ಧಾಂತಿಕ ಭೌತವಿಜ್ಞಾನದಲ್ಲಿ ಹುದ್ದೆಗಳು ಕಡಿಮೆ, ಬಯಸುವವರು ಹೆಚ್ಚು. ಅನೇಕರು ಕೊನೆಗೆ ಡೇಟಾ, ಸಾಫ್ಟ್‌ವೇರ್, ಬ್ಯಾಂಕಿಂಗ್ ಕಡೆಗೋ ಅಧ್ಯಾಪನಕ್ಕೋ ಹೋಗುತ್ತಾರೆ. ಇದು ಗೊತ್ತಿದ್ದೂ ಹೋಗಬೇಕೆಂದರೆ ಹೋಗಬೇಕು. ಗೊತ್ತಿಲ್ಲದೆ ಹೋಗಬಾರದು.

ನಾವು ಒಂದು ಕರಾರಿಗೆ ಬಂದೆವು. ಭಾಭಾ ಮನೆಯ ಕರಾರಿನಂಥದ್ದೇ, ಆದರೆ ನಮ್ಮ ಮನೆಯ ಅಳತೆಗೆ ತಕ್ಕದ್ದು. ಬಿಇ ಒಂದೂ ವಿಷಯ ಉಳಿಸಿಕೊಳ್ಳದೆ ಫಸ್ಟ್ ಕ್ಲಾಸಿನಲ್ಲಿ ಮುಗಿಸಬೇಕು. ಕ್ಯಾಂಪಸ್ ಸಂದರ್ಶನಗಳಿಗೂ ಕೂರಬೇಕು. ಕೊನೆಯ ವರ್ಷ ಗೇಟ್, ಜೆಸ್ಟ್, ಟಿಐಎಫ್‌ಆರ್ ಬರೆಯುವುದು. ಆಗದಿದ್ದರೆ ಕೆಲಸಕ್ಕೆ ಸೇರಿ, ಕೆಲಸದ ಜೊತೆ ಓದಿ, ಇನ್ನೊಂದು ಸಲ ಬರೆಯುವುದು. ಫೆಲೋಶಿಪ್ ಇಲ್ಲದ ಸೀಟು ಸಿಕ್ಕರೆ ಹೋಗುವಂತಿಲ್ಲ. ಎರಡು ಸಲವೂ ಆಗದಿದ್ದರೆ ಎಲೆಕ್ಟ್ರಾನಿಕ್ಸ್‌ನಲ್ಲೇ ಮುಂದುವರಿಯುವುದು. ‘ಎರಡ ಸಲ ಅಂದ್ರ ಎರಡ ಸಲ. ಆಮ್ಯಾಲೆ ಮಾತಿಲ್ಲ’ ಎಂದರು ಅಪ್ಪ. ನಾನು ಒಪ್ಪಿದ್ದೇನೆ.

ಗಡುವು ಇದ್ದರೆ ಆಸೆ ಸಣ್ಣದಾಗುತ್ತದೆ ಎಂದು ಗೆಳೆಯರೊಬ್ಬರು ಅಂದರು. ನನ್ನ ಅನುಭವ ಬೇರೆ. ಗಡುವು ಬಂದ ಮೇಲೆ ನಾನು ವಿಡಿಯೊ ನೋಡುವುದು ಕಡಿಮೆಯಾಗಿ ಲೆಕ್ಕ ಬಿಡಿಸುವುದು ಜಾಸ್ತಿಯಾಗಿದೆ. ಮನೆಯಲ್ಲೂ ಈಗ ರಾತ್ರಿ ಹನ್ನೊಂದಕ್ಕೆ ಲೈಟ್ ಉರಿಯುತ್ತಿದ್ದರೆ ಯಾರೂ ಕಾರಣ ಕೇಳುವುದಿಲ್ಲ.

ಏನು ಮಾಡಬಹುದು?

ನಮ್ಮ ನಾಲ್ಕು ತಾಲ್ಲೂಕುಗಳ ಕಾಲೇಜುಗಳು ದೊಡ್ಡ ಖರ್ಚಿಲ್ಲದೆ ಮೂರು ಕೆಲಸ ಮಾಡಬಹುದು. ಪ್ರತಿ ಪಿಯು ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಸಿಇಟಿ, ನೀಟ್ ತಾರೀಖಿನ ಪಕ್ಕದಲ್ಲೇ ಐಎಟಿ, ನೆಸ್ಟ್, ಇನ್‌ಸ್ಪೈರ್ ತಾರೀಖುಗಳನ್ನೂ ಹಾಕಲಿ. ಪದವಿ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಪ್ಲೇಸ್‌ಮೆಂಟ್ ವಿಭಾಗಗಳು ಗೇಟ್, ಜೆಸ್ಟ್‌ನಲ್ಲಿ ಆಯ್ಕೆಯಾದವರನ್ನೂ ಕಂಪನಿಗೆ ಆಯ್ಕೆಯಾದವರಷ್ಟೇ ಹೆಮ್ಮೆಯಿಂದ ಲೆಕ್ಕಕ್ಕೆ ಹಿಡಿಯಲಿ. ಗ್ರಂಥಾಲಯದಲ್ಲಿ ಫಿಸಿಕ್ಸ್‌ನ ಹತ್ತು ಒಳ್ಳೆಯ ಪುಸ್ತಕಗಳಿಗೆ ಒಂದು ಕಪಾಟು ಸಿಗಲಿ. ಮೊದಲ ವರ್ಷದ ಬಿಇಗೆ ಪಾಠ ಮಾಡುವ ಫಿಸಿಕ್ಸ್ ಅಧ್ಯಾಪಕರಲ್ಲಿ ಪಿಎಚ್‌ಡಿ ಮಾಡಿದವರಿದ್ದಾರೆ. ಎರಡನೇ ವರ್ಷದ ನಂತರ ಅವರ ಕೋಣೆಗೆ ಯಾರೂ ಹೋಗುವುದಿಲ್ಲ. ಹೋಗಿ ಕೇಳಿದರೆ ಅವರು ಖುಷಿಯಿಂದ ಕೂರಿಸಿಕೊಂಡು ಹೇಳುತ್ತಾರೆ, ನಾನು ಕಂಡಿದ್ದೇನೆ.

ಓದುತ್ತಿರುವ ಗೆಳೆಯ ಗೆಳತಿಯರಿಗೆ ನನ್ನದೊಂದು ಕೋರಿಕೆ. ನಿಮ್ಮ ಆಸೆ ಫಿಸಿಕ್ಸ್ ಆಗಿರಬೇಕೆಂದಿಲ್ಲ. ಗಣಿತವಿರಬಹುದು, ಇತಿಹಾಸವಿರಬಹುದು, ಭಾಷೆಯಿರಬಹುದು. ಅದನ್ನು ಒಂದು ಹಾಳೆಯಲ್ಲಿ ಬರೆಯಿರಿ. ಯಾವ ಪರೀಕ್ಷೆ, ಯಾವ ತಾರೀಖು, ಎಷ್ಟು ವರ್ಷ, ಹಣ ಎಲ್ಲಿಂದ, ಆಗದಿದ್ದರೆ ಏನು, ಈ ಐದೂ ಅದರಲ್ಲಿರಲಿ. ಬರೆದು ಮನೆಯವರ ಮುಂದಿಡಿ. ಹಾಳೆಯಲ್ಲಿ ಅಂಕಿಯಿದ್ದರೆ ಮನೆಯವರು ಬೈಯುವುದನ್ನು ಬಿಟ್ಟು ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಗೇಟ್ ಅರ್ಜಿ ಸಾಮಾನ್ಯವಾಗಿ ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಬರುತ್ತದೆ. ಆ ಹಾಳೆ ಅದಕ್ಕಿಂತ ಮೊದಲೇ ಸಿದ್ಧವಿರಲಿ.